ತೂಕಡಿಕೆಯನ್ನು ವಿಚಾರಿಸುವ ಬಗೆ

ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತೆ ಎಂಬ ಗಾದೆ ಆನಾಪಾನ ಧ್ಯಾನಕ್ಕೆ ಹೇಳಿ ಮಾಡಿಸಿದಂತಿದೆ. ಅಲುಗಾಡದೆ ಕೂರು, ಕಣ್ಣು ಮುಚ್ಚು, ಮೂಗಿನ ತುದಿಯಲ್ಲಿ ಬಂದುಹೋಗುವ ಉಸಿರನ್ನಷ್ಟೇ ಗಮನಿಸು ಎಂದರೆ, ದಿನವಿಡೀ ದುಡಿದು ದಣಿದ ದೇಹಕ್ಕೆ ಅದು ಮಲಗಲು ಕೊಟ್ಟ ಅಪ್ಪಣೆಯಂತೆಯೇ ಕೇಳಿಸುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕತ್ತು ವಾಲುತ್ತದೆ, ಎಣಿಸುತ್ತಿದ್ದ ಉಸಿರಿನ ಲೆಕ್ಕ ತಪ್ಪುತ್ತದೆ, ಅರೆಗನಸಿನ ಚೂರುಗಳು ಮನಸ್ಸಿನೊಳಗೆ ನುಸುಳುತ್ತವೆ. ಇದನ್ನು ಜನ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಕೆಲವರು ನಾಚಿಕೊಂಡು, ಧ್ಯಾನವೆಂಬುದು ನಮ್ಮಂಥವರಿಗಲ್ಲ ಎಂದು ಎದ್ದುಬಿಡುತ್ತಾರೆ. ಇನ್ನು ಕೆಲವರು ಆ ಜೋಂಪನ್ನೇ ಶಾಂತಿ ಎಂದು ನಂಬಿ ದಿನವೂ ಅದಕ್ಕಾಗಿಯೇ ಕೂರುತ್ತಾರೆ. ಎರಡೂ ತಪ್ಪು ಎಂಬುದು ನನ್ನ ವಾದ. ತೂಕಡಿಕೆಯನ್ನು ನೀಗಿಸಿಕೊಳ್ಳಲೇಬೇಕು, ನಿಜ. ಆದರೆ ನೀಗಿಸುವ ಮೊದಲು ಅದು ಎಲ್ಲಿಂದ ಬಂತೆಂದು ವಿಚಾರಿಸಬೇಕು. ನಿದ್ದೆಗೆಟ್ಟ ದೇಹಕ್ಕೂ ಆಸಕ್ತಿ ಕಳೆದುಕೊಂಡ ಮನಸ್ಸಿಗೂ ಒಂದೇ ಮದ್ದು ಹಿಡಿಯುವುದಿಲ್ಲ. ಬೌದ್ಧ ಸುತ್ತಗಳು ತೂಕಡಿಕೆಗೆ ಹೇಳುವ ಉಪಾಯಗಳನ್ನು ಅವು ಬರುವ ಕ್ರಮದಲ್ಲೇ ಓದಿದರೆ, ಅವು ಚಿಕಿತ್ಸೆಯಷ್ಟೇ ಆಗಿ ಉಳಿಯದೆ ರೋಗ ಯಾವುದೆಂದು ಗುರುತಿಸುವ ಪರೀಕ್ಷೆಯೂ ಆಗುತ್ತವೆ.

ಉಸಿರಿನ ಧ್ಯಾನಕ್ಕೂ ನಿದ್ದೆಗೂ ಇಷ್ಟು ಹತ್ತಿರದ ನಂಟು ಏಕೆ ಎಂಬುದನ್ನು ಮೊದಲು ನೋಡೋಣ. ಐದನೆಯ ಶತಮಾನದಲ್ಲಿ ಲಂಕೆಯ ಅನುರಾಧಪುರದಲ್ಲಿ ವಿಸುದ್ಧಿಮಗ್ಗವನ್ನು ಬರೆದ ಬುದ್ಧಘೋಷ ಈ ವಿಷಯದಲ್ಲಿ ಬಹಳ ಸೂಕ್ಷ್ಮವಾದ ಮಾತೊಂದನ್ನು ಹೇಳುತ್ತಾನೆ. ಉಳಿದ ಧ್ಯಾನವಸ್ತುಗಳು ಅಭ್ಯಾಸ ಮಾಡಿದಂತೆಲ್ಲ ಸ್ಪಷ್ಟವಾಗುತ್ತ ಹೋಗುತ್ತವೆ. ಉಸಿರು ಮಾತ್ರ ಅಭ್ಯಾಸ ಮಾಡಿದಂತೆಲ್ಲ ಸೂಕ್ಷ್ಮವಾಗುತ್ತ, ಕೊನೆಗೆ ಇದೆಯೋ ಇಲ್ಲವೋ ಎಂಬಂತಾಗುತ್ತದೆ. ಮನಸ್ಸು ಶಾಂತವಾದಂತೆ ಉಸಿರೂ ನವಿರಾಗುತ್ತದೆ, ಉಸಿರು ನವಿರಾದಂತೆ ಹಿಡಿದುಕೊಳ್ಳಲು ಸಿಗುವುದು ಕಡಿಮೆಯಾಗುತ್ತದೆ. ಆಗ ಗಮನವೂ ಅದೇ ಪ್ರಮಾಣದಲ್ಲಿ ಹರಿತವಾಗದಿದ್ದರೆ ಮನಸ್ಸಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಕೆಲಸವಿಲ್ಲದ ಮನಸ್ಸು, ಮುಚ್ಚಿದ ಕಣ್ಣು, ಅಲುಗದ ಮೈ ಒಟ್ಟಿಗೆ ಸೇರಿದರೆ ನಿದ್ದೆಯನ್ನು ಬೇರೆ ಕರೆಯಬೇಕಿಲ್ಲ. ಇಂದಿನ ನಿದ್ರಾವಿಜ್ಞಾನವೂ ಇದನ್ನು ತನ್ನದೇ ಭಾಷೆಯಲ್ಲಿ ವಿವರಿಸುತ್ತದೆ. 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಮುಂದಿಟ್ಟ ಮಾದರಿಯ ಪ್ರಕಾರ ನಮ್ಮ ನಿದ್ದೆಯನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ: ಎಚ್ಚರವಿದ್ದಷ್ಟು ಹೊತ್ತೂ ಏರುತ್ತ ಹೋಗುವ ನಿದ್ದೆಯ ಒತ್ತಡ, ಮತ್ತು ಹಗಲು ರಾತ್ರಿಗಳಿಗೆ ಹೊಂದಿಕೊಂಡ ಒಳಗಿನ ಗಡಿಯಾರ. ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಜಮೆಯಾಗುವುದು ಆ ಒತ್ತಡದ ಒಂದು ಮುಖ್ಯ ಕಾರಣ. ಮಾತು, ಓಡಾಟ, ಬೆಳಕು, ಕೆಲಸದ ಗಡಿಬಿಡಿಗಳು ದಿನವಿಡೀ ಈ ಒತ್ತಡವನ್ನು ಮರೆಮಾಚಿರುತ್ತವೆ. ಧ್ಯಾನಕ್ಕೆ ಕೂತೊಡನೆ ಆ ಮರೆ ಸರಿಯುತ್ತದೆ. ಹಾಗಾಗಿ ಧ್ಯಾನ ನಿದ್ದೆಯನ್ನು ಹುಟ್ಟಿಸಿತು ಎನ್ನುವುದಕ್ಕಿಂತ, ಮೊದಲೇ ಇದ್ದ ನಿದ್ದೆಯನ್ನು ತೋರಿಸಿಕೊಟ್ಟಿತು ಎನ್ನುವುದು ಎಷ್ಟೋ ಸಲ ಸತ್ಯಕ್ಕೆ ಹತ್ತಿರ.

ಹಾಗೆಂದು ಎಲ್ಲ ತೂಕಡಿಕೆಯನ್ನೂ ದೇಹದ ಖಾತೆಗೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಧ್ಯಾನಕ್ಕೆ ಅಡ್ಡಬರುವ ಐದು ನೀವರಣಗಳಲ್ಲಿ ಕಾಮಚ್ಛಂದ (ಇಂದ್ರಿಯಸುಖದ ಆಸೆ), ವ್ಯಾಪಾದ (ದ್ವೇಷ) ಇವುಗಳ ನಂತರ ಮೂರನೆಯದಾಗಿ ಥೀನಮಿದ್ಧವನ್ನು, ಅಂದರೆ ಜಡತೆ ಮತ್ತು ಮಂಪರನ್ನು, ಬುದ್ಧ ಹೆಸರಿಸಿದ್ದಾನೆ. ಸಂಯುತ್ತ ನಿಕಾಯದ ಆಹಾರಸುತ್ತದಲ್ಲಿ ಈ ನೀವರಣಕ್ಕೆ ಉಣಿಸು ಯಾವುದು ಎಂಬ ಪ್ರಶ್ನೆಗೆ ಐದು ಉತ್ತರಗಳಿವೆ: ಮಾಡುವ ಕೆಲಸದಲ್ಲಿ ಬೇಸರ, ಸೋಮಾರಿತನ, ಮೈಮುರಿದು ಆಕಳಿಸುವುದು, ಊಟದ ನಂತರದ ಭಾರ, ಚಿತ್ತದ ಕುಗ್ಗುವಿಕೆ. ಈ ಐದರಲ್ಲಿ ಊಟದ ಭಾರ ದೇಹಕ್ಕೆ ಸೇರಿದ್ದು, ಬೇಸರ ಮತ್ತು ಕುಗ್ಗುವಿಕೆ ಮನಸ್ಸಿಗೆ ಸೇರಿದ್ದು, ಆಕಳಿಕೆ ಎರಡಕ್ಕೂ ಸಾಮಾನ್ಯ. ಒಂದೇ ಹೆಸರಿನ ತೂಕಡಿಕೆ ಹಲವು ಊರುಗಳಿಂದ ಹೊರಟು ಬರುತ್ತದೆ ಎಂಬುದು ಆ ಸುತ್ತದಲ್ಲೇ ಕಾಣುತ್ತದೆ. ಈ ವಿಷಯದಲ್ಲಿ ಹಿಂದಿನ ಆಚಾರ್ಯರ ನಡುವೆ ಗಂಭೀರವಾದ ಚರ್ಚೆಯೂ ನಡೆದಿತ್ತು. ಚೀನೀ ಅನುವಾದದಲ್ಲಿ ಪೂರ್ತಿಯಾಗಿ ಉಳಿದುಬಂದಿರುವ ಉಪತಿಸ್ಸನ ವಿಮುತ್ತಿಮಗ್ಗ, ಆಹಾರದಿಂದ, ಕಾಲದಿಂದ, ಮನಸ್ಸಿನಿಂದ ಹುಟ್ಟುವ ಮಂಪರುಗಳೆಂದು ಮೂರು ಬಗೆ ಮಾಡಿ, ಮನಸ್ಸಿನಿಂದ ಹುಟ್ಟಿದ್ದು ಮಾತ್ರ ನೀವರಣ ಎನ್ನುತ್ತದೆ. ಅನುರಾಧಪುರದ ಮಹಾವಿಹಾರದ ಪರಂಪರೆ ಈ ವಿಭಾಗವನ್ನು ಒಪ್ಪದೆ, ನೀವರಣವೆನಿಸುವ ಮಂಪರು ಪೂರ್ತಿಯಾಗಿ ಮನಸ್ಸಿಗೇ ಸೇರಿದ್ದೆಂದು ಹೇಳಿತು. ವಾದ ಬೇರೆಯಾದರೂ ಇಬ್ಬರ ಮಾತಿನಿಂದಲೂ ಹೊರಡುವ ತೀರ್ಮಾನ ಒಂದೇ: ದೇಹಕ್ಕೆ ಬರುವ ಸಹಜ ನಿದ್ದೆ ಅದರಷ್ಟಕ್ಕೆ ಸಾಧಕನ ದೋಷವಲ್ಲ.

ಇದಕ್ಕೆ ಸ್ವತಃ ಬುದ್ಧನ ಮಾತಿನ ಆಧಾರವೇ ಇದೆ. ಮಜ್ಝಿಮ ನಿಕಾಯದ ಮಹಾಸಚ್ಚಕ ಸುತ್ತದಲ್ಲಿ, ವಾದಕ್ಕೆ ಹೆಸರಾದ ಸಚ್ಚಕನೆಂಬ ನಿಗಂಠಪುತ್ರ ವೇಸಾಲಿಯಲ್ಲಿ ಬುದ್ಧನನ್ನು ನೇರವಾಗಿ ಕೇಳುತ್ತಾನೆ, ಹಗಲು ಹೊತ್ತು ನಿದ್ದೆ ಮಾಡಿದ ನೆನಪು ನಿನಗಿದೆಯೇ ಎಂದು. ಬುದ್ಧ ಮರೆಮಾಚುವುದಿಲ್ಲ. ಬೇಸಗೆಯ ಕೊನೆಯ ತಿಂಗಳಲ್ಲಿ, ಭಿಕ್ಷೆಯಿಂದ ಹಿಂತಿರುಗಿ, ಊಟವಾದ ಮೇಲೆ ಸಂಘಾಟಿಯನ್ನು, ಅಂದರೆ ಮೇಲುಹೊದಿಕೆಯ ಚೀವರವನ್ನು, ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಬಲಮಗ್ಗುಲಾಗಿ, ಎಚ್ಚರದ ಅರಿವಿನೊಂದಿಗೇ ನಿದ್ದೆಗೆ ಹೋದದ್ದುಂಟು ಎಂದು ಒಪ್ಪಿಕೊಳ್ಳುತ್ತಾನೆ. ಕೆಲವು ಶ್ರಮಣ ಬ್ರಾಹ್ಮಣರು ಅದನ್ನು ಮೋಹದ ಬದುಕು ಎನ್ನುತ್ತಾರಲ್ಲ ಎಂದು ಸಚ್ಚಕ ಕೆಣಕಿದಾಗ, ಮೋಹವನ್ನು ಅಳೆಯುವ ಕೋಲು ಇದಲ್ಲ, ಆಸವಗಳು, ಅಂದರೆ ಚಿತ್ತದ ಕಲ್ಮಶಗಳು, ಉಳಿದಿವೆಯೋ ಅಳಿದಿವೆಯೋ ಎಂಬುದು ಎಂದು ಉತ್ತರಿಸುತ್ತಾನೆ. ಕಡುಬೇಸಗೆಯ ಮಧ್ಯಾಹ್ನ, ಹೊಟ್ಟೆ ತುಂಬಿದ ಹೊತ್ತಿನಲ್ಲಿ ಸಮ್ಯಕ್ ಸಂಬುದ್ಧನಿಗೇ ನಿದ್ದೆ ಬಂದಿತ್ತೆಂದ ಮೇಲೆ, ಅದೇ ಹೊತ್ತಿನಲ್ಲಿ ಕಣ್ಣು ಎಳೆದ ಮಾತ್ರಕ್ಕೆ ನಾವು ಅಯೋಗ್ಯರೆಂದು ನೊಂದುಕೊಳ್ಳಬೇಕಾಗಿಲ್ಲ. ನಾಚಿಕೆಯಿಂದ ಎದ್ದುಹೋಗುವವರಿಗೆ ನಾನು ಹೇಳಬೇಕೆಂದಿರುವ ಮೊದಲ ಮಾತು ಇದೇ. ಎರಡನೆಯ ಮಾತನ್ನು ಬುದ್ಧನ ಶಿಷ್ಯ ಮೊಗ್ಗಲ್ಲಾನನ ಪ್ರಸಂಗ ಹೇಳುತ್ತದೆ.

ಅಂಗುತ್ತರ ನಿಕಾಯದ ಏಳರ ನಿಪಾತದಲ್ಲಿ ಬರುವ ಆ ಪ್ರಸಂಗದಲ್ಲಿ ಮಹಾಮೊಗ್ಗಲ್ಲಾನ ಮಗಧದ ಕಲ್ಲವಾಳಪುತ್ತ ಎಂಬ ಹಳ್ಳಿಯಲ್ಲಿ ಧ್ಯಾನಕ್ಕೆ ಕೂತು ತೂಕಡಿಸುತ್ತಿದ್ದಾನೆ. ಭಗ್ಗರ ನಾಡಿನ ಸುಂಸುಮಾರಗಿರಿಯ ಭೇಸಕಳಾವನದಲ್ಲಿದ್ದ ಬುದ್ಧ ಅದನ್ನು ಅರಿತು ಅವನ ಮುಂದೆ ಕಾಣಿಸಿಕೊಂಡು, ತೂಕಡಿಸುತ್ತಿದ್ದೀಯಾ ಮೊಗ್ಗಲ್ಲಾನ ಎಂದು ಕೇಳುತ್ತಾನೆ. ಹೌದು ಭಂತೆ ಎಂಬುದು ಉತ್ತರ. ಆಮೇಲೆ ಬುದ್ಧ ಬೈಯುವುದಿಲ್ಲ, ಒಂದರ ನಂತರ ಒಂದರಂತೆ ಉಪಾಯಗಳನ್ನು ಹೇಳುತ್ತ ಹೋಗುತ್ತಾನೆ. ಯಾವ ಸಂಜ್ಞೆಯಲ್ಲಿ ಮನಸ್ಸಿದ್ದಾಗ ಮಂಪರು ಬಂತೋ ಆ ಸಂಜ್ಞೆಗೆ ಗಮನ ಕೊಡಬೇಡ. ಅದರಿಂದ ಹೋಗದಿದ್ದರೆ, ಕೇಳಿ ಕಲಿತ ಧಮ್ಮವನ್ನು ಮನಸ್ಸಿನಲ್ಲೇ ಚಿಂತಿಸು. ಆಗಲೂ ಹೋಗದಿದ್ದರೆ ಅದನ್ನು ವಿಸ್ತಾರವಾಗಿ ಬಾಯಲ್ಲಿ ಪಠಿಸು. ಹೋಗಲಿಲ್ಲವೇ, ಎರಡು ಕಿವಿಗಳನ್ನೂ ಎಳೆದು, ಕೈಯಿಂದ ಮೈಕೈ ಉಜ್ಜಿಕೋ. ಹೋಗಲಿಲ್ಲವೇ, ಎದ್ದು ಕಣ್ಣಿಗೆ ನೀರು ಹಾಕಿಕೊಂಡು ದಿಕ್ಕುಗಳನ್ನು ನೋಡು, ನಕ್ಷತ್ರಗಳನ್ನು ನೋಡು. ಆಮೇಲೆ ಬೆಳಕಿನ ಸಂಜ್ಞೆ: ರಾತ್ರಿಯೂ ಹಗಲೇ ಎಂಬಂತೆ ಮನಸ್ಸನ್ನು ತೆರೆದು ಬೆಳಗಿಸು. ಆಮೇಲೆ ಇಂದ್ರಿಯಗಳನ್ನು ಒಳಮುಖವಾಗಿಸಿಕೊಂಡು ಹಿಂದಕ್ಕೂ ಮುಂದಕ್ಕೂ ನಡೆ. ಇಷ್ಟಾದರೂ ಮಂಪರು ಬಿಡದಿದ್ದರೆ ಬಲಮಗ್ಗುಲಾಗಿ, ಪಾದದ ಮೇಲೆ ಪಾದವಿಟ್ಟು, ಏಳುವ ಹೊತ್ತನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಮಲಗು. ಎಚ್ಚರವಾದೊಡನೆ ಹಾಸಿಗೆಯ ಸುಖಕ್ಕೆ ಅಂಟಿಕೊಳ್ಳದೆ ಎದ್ದುಬಿಡು. ಹೀಗೆ ತೂಕಡಿಸಿದವನು ಯಾವನೋ ಮಂದಬುದ್ಧಿಯ ಭಿಕ್ಷುವಲ್ಲ. ಅವನು ಮುಂದೆ ಬುದ್ಧನ ಇಬ್ಬರು ಅಗ್ರಶ್ರಾವಕರಲ್ಲಿ ಒಬ್ಬನೆನಿಸಿದವನು. ಅಟ್ಠಕಥೆಗಳ, ಅಂದರೆ ಪ್ರಾಚೀನ ವ್ಯಾಖ್ಯಾನಗಳ, ಪ್ರಕಾರ ಪ್ರವ್ರಜ್ಯೆ ಪಡೆದ ಏಳನೆಯ ದಿನವೇ ಅರಹಂತನಾದವನು. ತೂಕಡಿಕೆ ಅವನ ದಾರಿಯಲ್ಲೇ ಬಂದು ಹೋಯಿತು, ಅವನನ್ನು ದಾರಿಯಿಂದ ಹೊರಹಾಕಲಿಲ್ಲ.

ಈ ಉಪಾಯಗಳನ್ನು ಸಾಮಾನ್ಯವಾಗಿ ಬಿಡಿ ಮನೆಮದ್ದುಗಳಂತೆ ಓದಿ, ಬೇಕಾದದ್ದನ್ನು ಆರಿಸಿಕೊಳ್ಳುವುದು ರೂಢಿ. ನನಗೆ ಮುಖ್ಯವೆನಿಸುವುದು ಅವುಗಳ ಕ್ರಮ. ಮೊದಲ ಮೂರು ಉಪಾಯಗಳು ಮನಸ್ಸಿಗೆ ಸಂಬಂಧಿಸಿದವು: ಗಮನವನ್ನು ಬದಲಿಸುವುದು, ಚಿಂತಿಸುವುದು, ಪಠಿಸುವುದು. ನಂತರದವು ದೇಹವನ್ನೂ ಇಂದ್ರಿಯಗಳನ್ನೂ ಎಬ್ಬಿಸುವಂಥವು: ಕಿವಿ, ಚರ್ಮ, ಕಣ್ಣು, ನೀರು, ಬೆಳಕು, ನಡಿಗೆ. ಕೊನೆಯದು ನಿದ್ದೆಯೇ. ಪ್ರತಿಯೊಂದು ಹೆಜ್ಜೆಗೂ, ಇದರಿಂದ ಹೋಗದಿದ್ದರೆ ಎಂಬ ಷರತ್ತು ಜೋಡಿಸಿದೆ. ಗಮನದ ರೀತಿಯನ್ನು ಬದಲಿಸಿದೊಡನೆ ಮಂಪರು ಹಾರಿಹೋದರೆ ಅದು ದೇಹದ ನಿದ್ದೆಯಾಗಿರಲಿಲ್ಲ, ಬೇಸತ್ತ ಮನಸ್ಸಿನ ನೆಪವಾಗಿತ್ತು ಎಂದು ತಿಳಿಯುತ್ತದೆ. ಮನಸ್ಸಿನ ಉಪಾಯಗಳು ಸೋತು, ಎದ್ದು ಮುಖ ತೊಳೆದು ನಾಲ್ಕು ಹೆಜ್ಜೆ ನಡೆದಾಗ ಹೋದರೆ ಅದು ಕೂತ ಭಂಗಿಯಿಂದಲೋ ಊಟದಿಂದಲೋ ಸೆಕೆಯಿಂದಲೋ ಬಂದ ಭಾರ. ನಡೆದಾಡಿದ ಮೇಲೂ ಕಣ್ಣು ಮುಚ್ಚಿಕೊಂಡೇ ಬಂದರೆ ಮೈಗೆ ನಿಜವಾಗಿ ನಿದ್ದೆ ಬೇಕಾಗಿದೆ, ಅದನ್ನು ಕೊಡಬೇಕು. ಹೀಗೆ ಉತ್ತರ ಗೊತ್ತಾಗುವುದು ಊಹೆಯಿಂದಲ್ಲ, ಮಾಡಿನೋಡುವುದರಿಂದ. ಮೊದಲ ಹೆಜ್ಜೆಯಲ್ಲೇ ಹಾಸಿಗೆ ಹಿಡಿದರೆ ಮನಸ್ಸಿನ ಬೇಸರ ಎಂದೂ ಬಯಲಾಗುವುದಿಲ್ಲ. ಕೊನೆಯ ಹೆಜ್ಜೆಯನ್ನು ಒಪ್ಪದೆ ಹಲ್ಲುಕಚ್ಚಿ ಕೂತರೆ ದೇಹದ ಅಗತ್ಯ ಎಂದೂ ಬಯಲಾಗುವುದಿಲ್ಲ. ಎಲ್ಲಕ್ಕಿಂತ ಹಗುರವಾದ ಉಪಾಯ ಮೊದಲು ಬಂದಿರುವುದರಲ್ಲಿ ಸಾಧಕನ ಮೇಲಿನ ಕರುಣೆಯೂ ಇದೆ, ಪರೀಕ್ಷೆಯ ಶಿಸ್ತೂ ಇದೆ.

ಮೊದಲ ಹೆಜ್ಜೆಯ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಉಸಿರಿನ ಧ್ಯಾನದಲ್ಲಿ ಹೆಚ್ಚಿನ ಜಡತೆ ಹುಟ್ಟುವುದು ಅಲ್ಲಿಯೇ. ಉಸಿರನ್ನು ಗಮನಿಸು ಎಂದರೆ ಎಷ್ಟೋ ಜನ ಉಸಿರು ಎಂಬ ಒಂದು ಮಸುಕು ಭಾವನೆಯನ್ನಷ್ಟೇ ಇಟ್ಟುಕೊಂಡು ಕೂತಿರುತ್ತಾರೆ. ಆನಾಪಾನಸತಿ ಸುತ್ತ ಕೇಳುವುದು ಅಷ್ಟನ್ನೇ ಅಲ್ಲ. ಅದರಲ್ಲಿ ಹದಿನಾರು ಹಂತಗಳಿವೆ, ನಾಲ್ಕು ನಾಲ್ಕರ ನಾಲ್ಕು ಗುಂಪುಗಳಾಗಿ. ಈ ಉಸಿರು ದೀರ್ಘವೋ ಹ್ರಸ್ವವೋ, ಇಡೀ ಕಾಯದ ಅನುಭವ ಹೇಗಿದೆ, ಪ್ರೀತಿ ಎಂಬ ಉಲ್ಲಾಸ ಹುಟ್ಟಿದೆಯೋ, ಚಿತ್ತ ಯಾವ ಸ್ಥಿತಿಯಲ್ಲಿದೆ ಎಂದು ಅದು ಸಾಧಕನನ್ನು ವಿಚಾರಣೆಗೆ ಹಚ್ಚುತ್ತದೆ. ಮೂರನೆಯ ಗುಂಪಿನಲ್ಲಿ ಚಿತ್ತವನ್ನು ಹಿಗ್ಗಿಸುತ್ತ ಉಸಿರಾಡುವ ಹಂತವೂ ಇದೆ. ಕುಗ್ಗಿದ ಮನಸ್ಸಿಗೆ ಮದ್ದು ಈ ಸುತ್ತದ ಒಳಗೇ ಇದ್ದಂತಾಯಿತು. ಬುದ್ಧಘೋಷ ಹೇಳುವ ಎಣಿಕೆಯ ಕ್ರಮವೂ ಇದೇ ಉದ್ದೇಶದ್ದು: ಐದಕ್ಕಿಂತ ಮೊದಲು ನಿಲ್ಲಿಸಬೇಡ, ಹತ್ತನ್ನು ದಾಟಬೇಡ. ತೀರ ಚಿಕ್ಕ ಎಣಿಕೆಯಲ್ಲಿ ಮನಸ್ಸು ಇಕ್ಕಟ್ಟಿಗೆ ಸಿಕ್ಕಿ ಚಡಪಡಿಸುತ್ತದೆ, ತೀರ ದೊಡ್ಡದರಲ್ಲಿ ಉಸಿರನ್ನು ಬಿಟ್ಟು ಸಂಖ್ಯೆಯ ಮೇಲೆಯೇ ಆತುಕೊಳ್ಳುತ್ತದೆ. ಸಂಯುತ್ತ ನಿಕಾಯದ ಅಗ್ಗಿಸುತ್ತ ಇದರ ತತ್ತ್ವವನ್ನು ಸ್ಪಷ್ಟವಾಗಿ ಹೇಳುತ್ತದೆ. ನಂದಿಹೋಗುತ್ತಿರುವ ಬೆಂಕಿಯ ಮೇಲೆ ಹಸಿ ಹುಲ್ಲು, ಹಸಿ ಸೌದೆ ಹಾಕಿದರೆ ಅದು ಉರಿಯುವುದಿಲ್ಲ. ಹಾಗೆಯೇ ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಪ್ರಶಾಂತಿ, ಸಮಾಧಿ, ಉಪೇಕ್ಷೆಗಳನ್ನು ಬೆಳೆಸಲು ಹೋಗುವುದು ಅಕಾಲ. ಆಗ ಬೇಕಾದದ್ದು ಧಮ್ಮವಿಚಯ, ವೀರ್ಯ, ಪ್ರೀತಿ, ಅಂದರೆ ವಿಚಾರಿಸುವ ಬುದ್ಧಿ, ಪ್ರಯತ್ನ, ಉಲ್ಲಾಸ. ಈ ಮೂರರಲ್ಲಿ ವಿಚಾರಣೆ ಮೊದಲು ಬರುವುದನ್ನು ಗಮನಿಸಬೇಕು. ಆಸಕ್ತಿ ಹುಟ್ಟಿದರೆ ಪ್ರಯತ್ನ ತಾನಾಗಿ ಹಿಂಬಾಲಿಸುತ್ತದೆ, ಆಸಕ್ತಿಯಿಲ್ಲದ ಪ್ರಯತ್ನ ಬರೀ ಬಿಗಿತವಾಗುತ್ತದೆ. ಮಂಪರು ಕವಿದಾಗ ಇನ್ನಷ್ಟು ಸಡಿಲವಾಗು, ಇನ್ನಷ್ಟು ಶಾಂತವಾಗು ಎಂಬ ಸಲಹೆ ಏಕೆ ಕೆಲಸ ಮಾಡುವುದಿಲ್ಲ ಎಂಬುದಕ್ಕೂ ಇದೇ ಉತ್ತರ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಇದ್ದದ್ದನ್ನು ಇದ್ದಂತೆ ನೋಡುವುದೇ ಸತಿಪಟ್ಠಾನವಲ್ಲವೇ? ತೂಕಡಿಕೆ ಬಂದರೆ ತೂಕಡಿಕೆ ಬಂದಿದೆ ಎಂದು ತಿಳಿದರೆ ಸಾಲದೇ? ಕಿವಿ ಎಳೆಯುವುದು, ಮುಖ ತೊಳೆಯುವುದು, ಎದ್ದು ನಡೆಯುವುದು ಇವೆಲ್ಲ ಮತ್ತೆ ಇಷ್ಟಾನಿಷ್ಟಗಳ ಗದ್ದಲವಾಗುವುದಿಲ್ಲವೇ? ಈ ಪ್ರಶ್ನೆ ಕೇಳುವವರು ಸತಿಪಟ್ಠಾನ ಸುತ್ತದ ನೀವರಣ ಭಾಗವನ್ನು ಅರ್ಧಕ್ಕೇ ನಿಲ್ಲಿಸಿರುತ್ತಾರೆ. ಥೀನಮಿದ್ಧ ನನ್ನೊಳಗಿದೆ, ಅಥವಾ ಇಲ್ಲ ಎಂದು ತಿಳಿಯುವುದು ಅಲ್ಲಿ ಆರಂಭ ಮಾತ್ರ. ಇಲ್ಲದ್ದು ಹೇಗೆ ಹುಟ್ಟಿತು, ಹುಟ್ಟಿದ್ದು ಹೇಗೆ ಹೋಯಿತು, ಹೋದದ್ದು ಮತ್ತೆ ಹುಟ್ಟದಿರಲು ಏನು ಕಾರಣ ಎಂದು ತಿಳಿಯುವುದೂ ಅದೇ ಭಾಗದಲ್ಲಿ ಬರುತ್ತದೆ. ಕಾರಣ ತಿಳಿಯದೆ ಈ ಅರಿವು ಪೂರ್ತಿಯಾಗುವುದಿಲ್ಲ. ಇನ್ನೊಂದು ಮಾತು: ಕೋಪವನ್ನೋ ಆಸೆಯನ್ನೋ ನೋಡುವಾಗ ನೋಡುವ ಕಣ್ಣು ತೆರೆದೇ ಇರುತ್ತದೆ. ತೂಕಡಿಕೆ ಮಾತ್ರ ನೋಡುವ ಕಣ್ಣನ್ನೇ ಮುಚ್ಚಿಸುತ್ತದೆ. ಹಗುರವಾದ ಮಂಪರನ್ನು ಸಾಕ್ಷಿಯಾಗಿ ನೋಡುತ್ತಲೇ ಕರಗಿಸಬಹುದು, ಅದನ್ನು ಮೊದಲು ಪ್ರಯತ್ನಿಸುವುದೂ ಸರಿ. ಆದರೆ ನೋಡುವವನೇ ಮುಳುಗತೊಡಗಿದಾಗ ನೋಡುತ್ತಿರು ಎಂಬ ಸಲಹೆಗೆ ಅರ್ಥ ಉಳಿಯುವುದಿಲ್ಲ. ಸತ್ಯನಾರಾಯಣ ಗೋಯೆಂಕಾ ಅವರ ಹತ್ತು ದಿನದ ವಿಪಶ್ಯನಾ ಶಿಬಿರಗಳಲ್ಲಿ ಉಸಿರನ್ನು ಸಹಜವಾಗಿಯೇ ಬಿಡಬೇಕು, ನಿಯಂತ್ರಿಸಬಾರದು ಎಂಬುದು ನಿಯಮ. ಅಲ್ಲಿಯೂ ಮನಸ್ಸು ಮಂಕಾದಾಗ ಸ್ವಲ್ಪ ಹೊತ್ತು ಉದ್ದೇಶಪೂರ್ವಕವಾಗಿ ತುಸು ಜೋರಾಗಿ ಉಸಿರಾಡಿ, ಮತ್ತೆ ಸಹಜ ಉಸಿರಿಗೆ ಬರಲು ಅನುಮತಿ ಇದೆ. ನಿಯಮ ಅರಿವಿಗಾಗಿ ಇದೆ, ಅರಿವು ನಿಯಮಕ್ಕಾಗಿ ಅಲ್ಲ ಎಂಬ ವಿವೇಕ ಅದರಲ್ಲಿದೆ.

ದೇಹವನ್ನು ಎಬ್ಬಿಸುವ ಉಪಾಯಗಳಿಗೆ ಹೆಚ್ಚು ಸಮರ್ಥನೆ ಬೇಕಾಗಿಲ್ಲ. ಕಣ್ಣಿನ ಅಕ್ಷಿಪಟಲದಲ್ಲಿ, ದೃಶ್ಯವನ್ನು ರೂಪಿಸುವುದಕ್ಕಿಂತ ಹೆಚ್ಚಾಗಿ, ಹಗಲಾಗಿದೆ ಎಂಬ ಸುದ್ದಿಯನ್ನು ಮೆದುಳಿನ ಗಡಿಯಾರಕ್ಕೆ ಮುಟ್ಟಿಸುವ ಜೀವಕೋಶಗಳಿವೆ ಎಂದು ಈಗ ತಿಳಿದಿದೆ. ಪ್ರಖರ ಬೆಳಕು ಮೆಲಟೋನಿನ್ ಸ್ರಾವವನ್ನು ತಗ್ಗಿಸಿ ಎಚ್ಚರವನ್ನು ಹೆಚ್ಚಿಸುತ್ತದೆ. ಬೆಳಕಿನ ಸಂಜ್ಞೆ ಮನಸ್ಸಿನೊಳಗಿನ ಅಭ್ಯಾಸ, ನಿಜ. ಆದರೆ ಸತಿಪಟ್ಠಾನದ ಅಟ್ಠಕಥೆ ಜಡತೆಗೆ ಹೇಳುವ ಆರು ಪರಿಹಾರಗಳಲ್ಲಿ ಬೆಳಕಿನ ಸಂಜ್ಞೆಯ ಜೊತೆಗೇ ಬಯಲಿನಲ್ಲಿ ವಾಸ, ಭಂಗಿಯ ಬದಲಾವಣೆ, ಅತಿಯಾದ ಊಟವೇ ಮಂಪರಿಗೆ ಕಾರಣವೆಂದು ಗುರುತಿಸುವುದು, ಕಲ್ಯಾಣಮಿತ್ರರ ಸಂಗ, ಹಿತವಾದ ಮಾತುಕತೆ ಇವೂ ಇವೆ. ಹೊಟ್ಟೆ ತುಂಬಲು ಇನ್ನು ನಾಲ್ಕೈದು ತುತ್ತು ಇರುವಾಗಲೇ ಊಟ ನಿಲ್ಲಿಸಿ ನೀರು ಕುಡಿಯಬೇಕೆಂಬ ಸಾರಿಪುತ್ತನ ಮಾತನ್ನು ಥೇರಗಾಥೆ ಉಳಿಸಿಕೊಂಡಿದೆ. ನಡಿಗೆಯನ್ನಂತೂ ಬೌದ್ಧ ಪರಂಪರೆ ಕೂರುವುದರಷ್ಟೇ ಗೌರವದಿಂದ ಕಂಡಿದೆ. ಬೋಧಗಯೆಯ ಮಹಾಬೋಧಿ ದೇವಾಲಯದ ಉತ್ತರ ಪಕ್ಕದಲ್ಲಿ ಬುದ್ಧನ ಚಂಕ್ರಮಣದ ಜಾಗವನ್ನು ಇಂದಿಗೂ ತೋರಿಸುತ್ತಾರೆ. ನಡೆಯುವುದರಿಂದ ಐದು ಲಾಭಗಳೆಂದು ಎಣಿಸುವ ಅಂಗುತ್ತರ ನಿಕಾಯದ ಸುತ್ತ, ಉಂಡದ್ದು ಚೆನ್ನಾಗಿ ಅರಗುತ್ತದೆ ಎನ್ನುವುದರ ಜೊತೆಗೆ, ನಡಿಗೆಯಲ್ಲಿ ಪಡೆದ ಸಮಾಧಿ ಬಹುಕಾಲ ನಿಲ್ಲುತ್ತದೆ ಎನ್ನುತ್ತದೆ. ಆದ್ದರಿಂದ ತೂಕಡಿಕೆ ಬಂದಾಗ ಎದ್ದು ನಡೆದವನು ಧ್ಯಾನ ಬಿಟ್ಟು ಎದ್ದನೆಂದು ಭಾವಿಸಬಾರದು. ಅವನು ಧ್ಯಾನದ ಭಂಗಿಯನ್ನು ಬದಲಿಸಿದ್ದಾನೆ, ಅಷ್ಟೇ. ಒಂದು ಲೋಟ ಕಾಫಿ ಕುಡಿದು ಕೂತರಾಗದೇ ಎಂದು ಕೇಳುವವರಿದ್ದಾರೆ. ಝೆನ್ ವಿಹಾರಗಳಲ್ಲಿ ಚಹಾಕ್ಕೆ ಗೌರವದ ಸ್ಥಾನವಿದೆ; ಜಪಾನಿನ ಭಿಕ್ಷು ಏಸಾಯ್ 1211ರಲ್ಲಿ ಚಹಾದ ಗುಣಗಳ ಬಗ್ಗೆ ಗ್ರಂಥವನ್ನೇ ಬರೆದ. ಅಡ್ಡಿಯೇನಿಲ್ಲ, ಆದರೆ ಕೆಫೀನ್ ಮಾಡುವುದು ಅಡೆನೊಸಿನ್ ಕೊಡುವ ಸಂದೇಶವನ್ನು ತಡೆಯುವ ಕೆಲಸವನ್ನು ಮಾತ್ರ. ನಿದ್ದೆಯ ಸಾಲ ಹಾಗೆಯೇ ಉಳಿಯುತ್ತದೆ, ತೂಕಡಿಕೆಗೆ ಕಾರಣ ಬೇಸರವೋ ದಣಿವೋ ಎಂದು ತಿಳಿಯುವ ಅವಕಾಶವೂ ತಪ್ಪುತ್ತದೆ.

ಇನ್ನೊಂದು ಆಕ್ಷೇಪ ಶ್ರದ್ಧಾವಂತರಿಂದ ಬರುತ್ತದೆ. ಭಿಕ್ಷುಗಳಿಗೆ ಜಾಗರಿಯಾನುಯೋಗ ಎಂಬ ವ್ರತವಿತ್ತು, ರಾತ್ರಿಯ ಮೂರು ಜಾವಗಳಲ್ಲಿ ನಡುವಣ ಜಾವದಲ್ಲಿ ಮಾತ್ರ ಮಲಗಿ ಉಳಿದೆರಡರಲ್ಲಿ ನಡೆಯುತ್ತ, ಕೂರುತ್ತ ಚಿತ್ತಶುದ್ಧಿ ಮಾಡಿಕೊಳ್ಳುತ್ತಿದ್ದರು. ಹಾಗಿರುವಾಗ ಮಲಗಿಬಿಡು ಎನ್ನುವುದು ಸಾಧನೆಯನ್ನು ಸಡಿಲಗೊಳಿಸಿದಂತಲ್ಲವೇ ಎಂದು. ಆ ವ್ರತದ ಬಗ್ಗೆ ನನಗೆ ಪೂರ್ಣ ಗೌರವವಿದೆ. ಆದರೆ ಅದು ಒಂಟಿಯಾಗಿ ನಿಂತ ನಿಯಮವಲ್ಲ. ಇಂದ್ರಿಯಸಂಯಮ ಮತ್ತು ಊಟದಲ್ಲಿ ಮಿತಿ ಎಂಬ ಎರಡು ನಿಯಮಗಳು ಯಾವಾಗಲೂ ಅದರ ಜೊತೆಯಲ್ಲೇ ಬರುತ್ತವೆ. ನಡುಹಗಲ ನಂತರ ಉಣ್ಣದ, ಸಂಸಾರದ ಹೊಣೆಯಿಲ್ಲದ, ದಿನದ ಬಹುಭಾಗ ಮೌನದಲ್ಲಿ ಕಳೆಯುವ ಬದುಕಿಗೆ ಹೊಂದಿಸಿದ ಅಳತೆ ಅದು. ರಾತ್ರಿ ಪಾಳಿಯಲ್ಲಿ ದುಡಿದು ಬಂದವನೋ, ಎಳೆಗೂಸಿಗಾಗಿ ರಾತ್ರಿ ಪದೇ ಪದೇ ಏಳುವ ತಾಯಿಯೋ ಬೇರೆ ಏನನ್ನೂ ಬದಲಿಸದೆ ಆ ಅಳತೆಯನ್ನು ಮಾತ್ರ ಎತ್ತಿಕೊಂಡರೆ ಬೆಳೆಯುವುದು ಸಮಾಧಿಯಲ್ಲ, ನಿದ್ದೆಗೇಡು. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಯ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಘಟನೆಗಳು 2015ರಲ್ಲಿ ಒಮ್ಮತದಿಂದ ಹೇಳಿವೆ. ಸಾಕಷ್ಟು ಮಲಗಿದ ಮೇಲೂ ದಿನವಿಡೀ ಮಂಪರು ಬಿಡದಿದ್ದರೆ ಥೈರಾಯ್ಡ್, ರಕ್ತಹೀನತೆ, ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ, ಖಿನ್ನತೆ, ಸೇವಿಸುತ್ತಿರುವ ಔಷಧಿ ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಅಂಥವರು ಧ್ಯಾನದ ಗುರುವಿಗಿಂತ ಮೊದಲು ವೈದ್ಯರನ್ನು ಕಾಣಬೇಕು. ದೇಹವನ್ನು ದಂಡಿಸಿ ಗೆಲ್ಲುವ ದಾರಿಯನ್ನು ಬುದ್ಧ ಸೋಣ ಕೋಳಿವಿಸನೆಂಬ ಭಿಕ್ಷುವಿನ ವಿಷಯದಲ್ಲೂ ಒಪ್ಪಲಿಲ್ಲ. ರಾಜಗಹದ ಸೀತವನದಲ್ಲಿ ಅಂಗಾಲು ಒಡೆದು ನೆತ್ತರು ಸುರಿಯುವವರೆಗೆ ನಡೆದು, ಸೋತು, ಮನೆಗೆ ಮರಳುವ ಯೋಚನೆ ಮಾಡಿದ್ದ ಅವನಿಗೆ, ವೀಣೆಯ ತಂತಿ ಬಿಗಿಯಾದರೂ ಸಡಿಲವಾದರೂ ನುಡಿಯದೆಂದು ಅವನೇ ಬಲ್ಲ ವಿದ್ಯೆಯಿಂದಲೇ ನೆನಪಿಸಿದ. ಪ್ರಯತ್ನವನ್ನು ಬಿಡು ಎನ್ನಲಿಲ್ಲ, ಹದಕ್ಕೆ ತಾ ಎಂದ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಆಕರ್ಷಕವಾದದ್ದು, ಹಾಗಾಗಿ ಹೆಚ್ಚು ಅಪಾಯದ್ದು. ಧ್ಯಾನದಲ್ಲಿ ಬರುವ ಆ ತೆಳು ಮಂಪರು ಹಿತವಾಗಿದೆ, ಮನಸ್ಸಿನ ಗಲಾಟೆ ನಿಂತಿದೆ, ಎದ್ದಾಗ ಹಗುರವೆನಿಸುತ್ತದೆ; ಅದನ್ನೇಕೆ ಕೆದಕಬೇಕು? ದಣಿದವರಿಗೆ ಆ ವಿಶ್ರಾಂತಿ ಒಳ್ಳೆಯದೇ, ಅದನ್ನು ಯಾರೂ ಕಸಿಯಬೇಕಾಗಿಲ್ಲ. ಆದರೆ ಅದಕ್ಕೆ ವಿಶ್ರಾಂತಿ ಎಂದೇ ಹೆಸರಿಡೋಣ. 1976ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ, ಮಂತ್ರಧ್ಯಾನದಲ್ಲಿ ನುರಿತ ಐವರ ಮೆದುಳಿನ ಅಲೆಗಳನ್ನು ದಾಖಲಿಸಿ, ಅವರು ಧ್ಯಾನದ ಹೊತ್ತಿನ ಗಣನೀಯ ಭಾಗವನ್ನು ನಿದ್ದೆಯ ಹಂತಗಳಲ್ಲೇ ಕಳೆದಿದ್ದರೆಂದು ತೋರಿಸಿತು. ಅದು ಉಸಿರಿನ ಧ್ಯಾನವಲ್ಲ, ಐವರಿಂದ ಎಲ್ಲರನ್ನೂ ಅಳೆಯಲಾಗದು. ಆದರೂ ಕಣ್ಣು ಮುಚ್ಚಿ ನೆಟ್ಟಗೆ ಕೂತಿರುವುದು ಎಚ್ಚರಕ್ಕೆ ಪುರಾವೆಯಲ್ಲ ಎಂಬುದಕ್ಕೆ ಅಷ್ಟು ಸಾಕು. ಸಂಗಾರವನೆಂಬ ಬ್ರಾಹ್ಮಣನಿಗೆ ಬುದ್ಧ ಐದು ನೀವರಣಗಳನ್ನು ಐದು ಬಗೆಯ ನೀರಿಗೆ ಹೋಲಿಸಿದ್ದಾನೆ. ಕುದಿಯುವ ನೀರು ದ್ವೇಷ, ಗಾಳಿಗೆ ಅಲೆಯೇಳುವ ನೀರು ಚಂಚಲತೆ, ಪಾಚಿ ಮುಚ್ಚಿದ ನೀರು ಥೀನಮಿದ್ಧ. ಪಾಚಿಯ ನೀರು ಕುದಿಯುತ್ತಿಲ್ಲ, ಅಲುಗುತ್ತಿಲ್ಲ, ನೋಡಲು ಶಾಂತವಾಗಿಯೇ ಇದೆ. ಆದರೆ ಅದರಲ್ಲಿ ಮುಖ ಕಾಣುವುದಿಲ್ಲ. ಎಂಟನೆಯ ಶತಮಾನದಲ್ಲಿ ಟಿಬೆಟ್ಟಿಗೆ ಹೋದ ಆಚಾರ್ಯ ಕಮಲಶೀಲ ತನ್ನ ಭಾವನಾಕ್ರಮಗಳಲ್ಲಿ ಇದನ್ನು ಲಯ ಎಂದು ಕರೆದು, ಆಗ ಬೆಳಕನ್ನೋ ಬುದ್ಧನ ಗುಣಗಳಂಥ ಸಂತೋಷಕರ ವಿಷಯವನ್ನೋ ನೆನೆಯಬೇಕೆಂದ. ಟಿಬೆಟ್ಟಿನ ಆಚಾರ್ಯ ಚೋಂಗ್ಖಾಪ ಇನ್ನೂ ಮುಂದೆ ಹೋಗಿ, ಸೂಕ್ಷ್ಮ ಲಯವನ್ನು ಸಮಾಧಿ ಎಂದು ಭ್ರಮಿಸುವುದೇ ಸಾಧಕನ ದೊಡ್ಡ ಅಪಾಯವೆಂದು ಎಚ್ಚರಿಸಿದ: ಗಮನ ಕದಲದೆ ನಿಂತಿರುತ್ತದೆ, ಸ್ಪಷ್ಟತೆಯೂ ಇದ್ದಂತಿರುತ್ತದೆ, ಆದರೆ ಅದರ ಮೊನಚು ಇಳಿದುಹೋಗಿರುತ್ತದೆ. ಅವನು 1409ರಲ್ಲಿ ಸ್ಥಾಪಿಸಿದ ಗಾಂದೆನ್ ವಿಹಾರ ಇಂದು ನಮ್ಮ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಮರುಹುಟ್ಟು ಪಡೆದಿದೆ. ಅಲ್ಲಿ ಭಿಕ್ಷುಗಳು ಕೈತಟ್ಟಿ, ಕಾಲು ಅಪ್ಪಳಿಸಿ, ಪ್ರಶ್ನೆಗೆ ಪ್ರಶ್ನೆ ಎಸೆದು ವಾದ ಮಾಡುವುದನ್ನು ನೋಡಿದವರಿಗೆ, ಈ ಪರಂಪರೆಯಲ್ಲಿ ವಿಚಾರಿಸುವ ಮನಸ್ಸಿಗೆ ಎಷ್ಟು ದೊಡ್ಡ ಸ್ಥಾನವಿದೆ ಎಂಬುದು ಹೊಳೆಯುತ್ತದೆ.

ಹಾಗಾದರೆ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಕೂರುವವರು ಏನು ಮಾಡಬೇಕು? ಮೊದಲು ಹೊತ್ತನ್ನು ಆರಿಸಿಕೊಳ್ಳಲಿ. ಮಧ್ಯಾಹ್ನದ ಊಟವಾದ ಕೂಡಲೇ, ಅಥವಾ ರಾತ್ರಿ ಎಲ್ಲ ಕೆಲಸ ಮುಗಿದು ಕಣ್ಣೆಳೆಯುವಾಗ ಕೂತರೆ ಒಳಗಿನ ಗಡಿಯಾರದ ವಿರುದ್ಧವೇ ಕೂತಂತೆ. ಮುಂಜಾನೆ ಒಳ್ಳೆಯದು, ಹಿಂದಿನ ರಾತ್ರಿ ಬೇಗ ಮಲಗಿದ್ದರೆ ಮಾತ್ರ. ಗೋಯೆಂಕಾ ಅವರ ಶಿಬಿರದ ದಿನಚರಿಯಲ್ಲಿ ಬೆಳಗಿನ 4ಕ್ಕೆ ಗಂಟೆ ಬಾರಿಸಬೇಕಾದ್ದರಿಂದಲೇ ರಾತ್ರಿ 9.30ಕ್ಕೆ ಮಲಗುವ ಏರ್ಪಾಡಿದೆ, ಬೆಳಗಿನ 11ರ ಊಟದ ನಂತರ ವಿಶ್ರಾಂತಿಗೂ ಬಿಡುವಿದೆ. ಬೇಗ ಏಳುವುದನ್ನು ಮಾತ್ರ ಅನುಕರಿಸಿ ಬೇಗ ಮಲಗುವುದನ್ನು ಬಿಟ್ಟರೆ ಲೆಕ್ಕ ಹೊಂದುವುದಿಲ್ಲ. ಕೂತ ಮೇಲೆ ಉಸಿರಿಗೆ ನಿಜವಾದ ಪ್ರಶ್ನೆಗಳನ್ನು ಕೇಳಲಿ: ಇದು ಎಲ್ಲಿ ತಾಗುತ್ತಿದೆ, ಎಲ್ಲಿ ಆರಂಭವಾಯಿತು, ಮುಂಚಿನದಕ್ಕಿಂತ ಉದ್ದವೋ ಗಿಡ್ಡವೋ, ಎರಡು ಉಸಿರುಗಳ ನಡುವೆ ಏನಾಯಿತು. ಮಂಪರು ಬಂದರೆ ಮೊದಲು ಗಮನವನ್ನು ಬದಲಿಸಲಿ, ಆಮೇಲೆ ಬೆನ್ನನ್ನು ನೇರ ಮಾಡಿ ಕಣ್ಣು ತೆರೆಯಲಿ, ಆಮೇಲೆ ಏಳಲಿ, ನಡೆಯಲಿ. ಅದೂ ಸಾಲದಿದ್ದರೆ, ಇಂಥ ಹೊತ್ತಿಗೆ ಏಳುತ್ತೇನೆ ಎಂಬ ನಿಶ್ಚಯದೊಂದಿಗೆ ಮನಸ್ಸಿಗೆ ಅಳುಕಿಲ್ಲದೆ ಮಲಗಲಿ. ಯಾವ ಹೆಜ್ಜೆಯಲ್ಲಿ ಮಂಪರು ಹರಿಯಿತು ಎಂಬುದನ್ನು ನೆನಪಿಟ್ಟುಕೊಳ್ಳಲಿ. ಕೆಲವು ವಾರ ಹೀಗೆ ಗಮನಿಸಿದರೆ, ತಮ್ಮ ತೂಕಡಿಕೆ ಹೆಚ್ಚಾಗಿ ಬೇಸರದ್ದೋ, ಊಟದ್ದೋ, ನಿದ್ದೆಗೇಡಿನದ್ದೋ ಎಂದು ಯಾವ ಗುರುವೂ ಹೇಳಲಾರದಷ್ಟು ಖಚಿತವಾಗಿ ಅವರಿಗೇ ತಿಳಿಯುತ್ತದೆ. ಆ ತಿಳಿವು ಧ್ಯಾನದ ಹೊರಗಿನ ಪೂರ್ವಸಿದ್ಧತೆ ಎಂದು ನಾನು ಒಪ್ಪುವುದಿಲ್ಲ. ಒಂದು ಸ್ಥಿತಿ ಏಕೆ ಹುಟ್ಟುತ್ತದೆ, ಹೇಗೆ ಹೋಗುತ್ತದೆ ಎಂದು ತನ್ನಲ್ಲೇ ಕಂಡುಕೊಳ್ಳುವುದು ಬುದ್ಧ ಕಲಿಸಿದ್ದರ ತಿರುಳು. ಅದನ್ನು ಜನನಮರಣಗಳಂಥ ದೊಡ್ಡ ಪ್ರಶ್ನೆಗಳಲ್ಲಿ ಕಾಣಲು ನಮಗೆ ಬಹುಕಾಲ ಬೇಕಾಗಬಹುದು. ತೂಕಡಿಕೆಯಲ್ಲಿ ಕಾಣಲು ಇವತ್ತಿನ ಅರ್ಧ ಗಂಟೆಯೇ ಸಾಕು.